ಒತ್ತಡದ ನುಡಿ: ಕೊಳ್ಳೇಗಾಲ ಸೀಮೆಯ ಶೀತಲಯಂತ್ರಗಳು ಮತ್ತು ದೋಷನಿದಾನದ ಮೌಖಿಕ ಜ್ಞಾನ

1. ಪೀಠಿಕೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಕನ್ನಡ ಜಾನಪದ ಅಧ್ಯಯನದ ಭೂಪಟದಲ್ಲಿ ವಿಶಿಷ್ಟ ಸ್ಥಾನ ಪಡೆದಿವೆ. ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳು, ಅವನ್ನು ಹಾಡುವ ದೇವರಗುಡ್ಡರು ಮತ್ತು ನೀಲಗಾರರು, ಚಿಕ್ಕಲ್ಲೂರಿನ ಜಾತ್ರೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡು ಮತ್ತು ಮದ್ದಿನ ತಿಳಿವಳಿಕೆ ಇವೆಲ್ಲ ಹಲವು ದಶಕಗಳಿಂದ ಸಂಗ್ರಹಕ್ಕೂ ವಿಶ್ಲೇಷಣೆಗೂ ಒಳಗಾಗುತ್ತ ಬಂದಿವೆ. 1956ರವರೆಗೆ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂದ ಕೊಳ್ಳೇಗಾಲವು ರೇಷ್ಮೆಯ ಊರೆಂದೂ ಹೆಸರಾಗಿದೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಈ ಸೀಮೆ ಅದರ ಭಾಗವಾಯಿತು. ಈಚೆಗೆ ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾಯಿತು.

ಇಲ್ಲಿನ ಕಸುಬುಗಳ ಕುರಿತ ಅಧ್ಯಯನಗಳು ನೇಯ್ಗೆ, ಕಮ್ಮಾರಿಕೆ, ಕುಂಬಾರಿಕೆ, ಬುಟ್ಟಿ ಹೆಣೆಯುವಿಕೆಗಳ ಬಳಿಗೆ ಬಂದು ನಿಲ್ಲುವುದೇ ಹೆಚ್ಚು. ಈ ಊರುಗಳ ಬಸ್ ನಿಲ್ದಾಣದ ಸುತ್ತಿನ ಬೀದಿಗಳಲ್ಲಿ ಫ್ರಿಜ್, ಎ.ಸಿ., ಹಾಲು ತಂಪು ಮಾಡುವ ಯಂತ್ರ ಇವುಗಳನ್ನು ದುರಸ್ತಿ ಮಾಡುವವರ ಜ್ಞಾನವು ಜಾನಪದದ ವ್ಯಾಪ್ತಿಗೆ ಬಾರದು ಎಂಬ ಅಘೋಷಿತ ನಂಬಿಕೆಯೊಂದು ಇದಕ್ಕೆ ಕಾರಣ. ಆದರೆ ಜರ್ಮನಿಯ ವಿದ್ವಾಂಸ ಹೆರ್ಮನ್ ಬೌಸಿಂಗರ್ 1961ರಷ್ಟು ಹಿಂದೆಯೇ ತಾಂತ್ರಿಕ ಜಗತ್ತು ಜನಪದ ಸಂಸ್ಕೃತಿಯನ್ನು ಅಳಿಸುವುದಿಲ್ಲ, ಯಂತ್ರಗಳ ನಡುವೆಯೂ ಅದು ಹೊಸ ರೂಪಗಳಲ್ಲಿ ಬೆಳೆಯುತ್ತದೆ ಎಂದು ವಾದಿಸಿದ್ದರು. ಅಮೆರಿಕದ ಅಲನ್ ಡಂಡೆಸ್ ಅವರು ‘ಜನಪದರು’ ಎಂದರೆ ಹಳ್ಳಿಗರು ಮಾತ್ರವಲ್ಲ, ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಎಂದು ವ್ಯಾಖ್ಯಾನಿಸಿದರು. ಸಮಾನ ಕಸುಬು ಅಂಥ ಅಂಶಗಳಲ್ಲಿ ಒಂದು.

ಈ ಹಿನ್ನೆಲೆಯಲ್ಲಿ ಶೀತಲಯಂತ್ರ ಹಾಗೂ ಅದರ ಸೋದರಯಂತ್ರವಾದ ಹೀಟ್ ಪಂಪಿನಲ್ಲಿ ಒತ್ತಡದ ದೋಷಗಳನ್ನು ಗುರುತಿಸುವ ಕ್ರಮವನ್ನು ಪ್ರಸ್ತುತ ಲೇಖನ ವಿವರಿಸುತ್ತದೆ. ಒತ್ತಡದ ಅಂಕಿ ತಾನಾಗಿ ಏನನ್ನೂ ಹೇಳುವುದಿಲ್ಲ. ಹವೆ, ಹೊತ್ತು, ಸ್ಪರ್ಶ ಮತ್ತು ಯಂತ್ರದ ಪೂರ್ವಕಥೆಗಳ ಜೊತೆ ಇಟ್ಟು ಓದಿದಾಗ ಮಾತ್ರ ಅದು ನಿದಾನವಾಗುತ್ತದೆ ಎಂಬುದು ಇದರ ಮುಖ್ಯ ನಿಲುವು.

2. ಶಾಖದ ಏತ

ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಶಾಖವು ಬಿಸಿಯಾದುದರಿಂದ ತಂಪಾದುದರ ಕಡೆಗೆ ಹರಿಯುತ್ತದೆ. ತಗ್ಗಿನ ನೀರನ್ನು ದಿಬ್ಬದ ಹೊಲಕ್ಕೆ ಏರಿಸಬೇಕಾದರೆ ಏತ ಅಥವಾ ಕಪಿಲೆ ಬೇಕು, ಅದಕ್ಕೆ ಆಳಿನ ಅಥವಾ ಎತ್ತಿನ ದುಡಿಮೆ ಬೇಕು. ಶೀತಲಯಂತ್ರವು ಶಾಖಕ್ಕೆ ಕಟ್ಟಿದ ಏತ. ಹಾಲಿನ ತೊಟ್ಟಿಯಂತಹ ತಂಪು ಜಾಗದಿಂದ ಶಾಖವನ್ನು ಮೊಗೆದು ಹೊರಗಿನ ಬಿಸಿ ಗಾಳಿಗೆ ಅದು ಸುರಿಯುತ್ತದೆ. ಮೊಗೆಯುವ ಕಡೆ ಉಪಯೋಗವಾದರೆ ಅದು ಶೀತಲಯಂತ್ರ. ಸುರಿಯುವ ಕಡೆ ಉಪಯೋಗವಾದರೆ, ಅಂದರೆ ಸ್ನಾನದ ನೀರನ್ನೋ ಕೋಣೆಯನ್ನೋ ಬಿಸಿ ಮಾಡಿದರೆ, ಅದು ಹೀಟ್ ಪಂಪ್. ಜೇಕಬ್ ಪರ್ಕಿನ್ಸ್ 1834ರಲ್ಲಿ ಲಂಡನ್ನಿನಲ್ಲಿ ಆವಿ ಸಂಪೀಡನೆಯ ಶೀತಲಯಂತ್ರಕ್ಕೆ ಹಕ್ಕುಪತ್ರ ಪಡೆದರು. ಅದೇ ತತ್ತ್ವವನ್ನು ಕಟ್ಟಡ ಬಿಸಿ ಮಾಡಲು ಬಳಸಬಹುದೆಂದು ವಿಲಿಯಂ ಥಾಮ್ಸನ್ 1852ರಲ್ಲಿ ತೋರಿಸಿಕೊಟ್ಟರು.

ಈ ಏತಕ್ಕೆ ನಾಲ್ಕು ಅಂಗಗಳಿವೆ. ಕೂಲಿಂಗ್ ಕಾಯಿಲ್ ಎಂದು ಕರೆಯುವ ಸುರುಳಿಯಲ್ಲಿ ಶೀತಕ ದ್ರವವು ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುತ್ತ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಎಳೆದುಕೊಂಡು ಒತ್ತುತ್ತದೆ. ಕಮ್ಮಾರನ ತಿದಿಯಂತೆ ಒಂದು ಕಡೆ ಎಳೆತ, ಇನ್ನೊಂದು ಕಡೆ ಒತ್ತು. ಒತ್ತಡವೇರಿ ಬಿಸಿಯಾದ ಆವಿ ಕಂಡೆನ್ಸರಿನಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಆ ದ್ರವವು ಸೂಜಿಯಷ್ಟು ಸಣ್ಣ ಕ್ಯಾಪಿಲರಿ ಕೊಳವೆಯ ಅಥವಾ ಎಕ್ಸ್‌ಪ್ಯಾನ್ಷನ್ ವಾಲ್ವಿನ ಇಕ್ಕಟ್ಟನ್ನು ದಾಟುವಾಗ ಒತ್ತಡ ಕಳೆದುಕೊಂಡು ತಣ್ಣಗಾಗಿ, ಮತ್ತೆ ಸುರುಳಿಗೆ ಬರುತ್ತದೆ. ಕಂಪ್ರೆಸರ್ ಮತ್ತು ಈ ಇಕ್ಕಟ್ಟು ಸೇರಿ ಯಂತ್ರವನ್ನು ಕಡಿಮೆ ಒತ್ತಡದ ಬದಿ, ಹೆಚ್ಚು ಒತ್ತಡದ ಬದಿ ಎಂದು ಎರಡಾಗಿ ಸೀಳುತ್ತವೆ. ಕಸುಬಿನ ಮಾತಿನಲ್ಲಿ ಇವೇ ಸಕ್ಷನ್ ಮತ್ತು ಡಿಸ್ಚಾರ್ಜ್.

ಈ ಸೀಮೆಯಲ್ಲಿ ಇಂಥ ಯಂತ್ರಗಳ ಮೇಲೆ ಬಹಳಷ್ಟು ನಿಂತಿದೆ. ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಇರುತ್ತದೆ. ಅದನ್ನು ಬೇಗನೆ 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸದಿದ್ದರೆ ಸೂಕ್ಷ್ಮಜೀವಿಗಳು ಬೆಳೆದು ಹಾಲು ಒಡೆಯುತ್ತದೆ. ಹಳ್ಳಿಯ ಹಾಲು ಉತ್ಪಾದಕರ ಸಂಘದ ತಂಪುತೊಟ್ಟಿ ಒಂದು ಬೆಳಗ್ಗೆ ಕೈಕೊಟ್ಟರೆ ಒಂದೆರಡು ಹಸು ಸಾಕಿದ ಹತ್ತಾರು ಮನೆಗಳ ಅಂದಿನ ದುಡಿಮೆ ಚರಂಡಿಗೆ ಹೋಗುತ್ತದೆ. ದ್ವಿತಳಿ ರೇಷ್ಮೆಹುಳುವಿನ ಮೊಟ್ಟೆಗಳನ್ನು 5 ಮತ್ತು 2.5 ಡಿಗ್ರಿಯಂತಹ ನಿಗದಿತ ತಂಪಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅಲ್ಲಿ ತಂಪು ತಪ್ಪಿದರೆ ಮೊಟ್ಟೆ ಒಡೆಯುವ ಕಾಲವೇ ಕೆಟ್ಟು, ಸಾಕಣೆದಾರನ ಬೆಳೆ ಕೈಬಿಡುತ್ತದೆ. ಆರೋಗ್ಯ ಕೇಂದ್ರದ ಲಸಿಕೆಯೂ 2ರಿಂದ 8 ಡಿಗ್ರಿಯ ಮೇರೆಯೊಳಗೆ ಇರಬೇಕು.

3. ಎರಡು ಮುಳ್ಳುಗಳು

ಮೆಕ್ಯಾನಿಕ್‌ನ ಚೀಲದಲ್ಲಿರುವ ಗೇಜ್‌ಗೆ ಎರಡು ಮುಖಗಳಿವೆ: ಕಡಿಮೆ ಒತ್ತಡಕ್ಕೆ ನೀಲಿ, ಹೆಚ್ಚು ಒತ್ತಡಕ್ಕೆ ಕೆಂಪು. ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ರೂಪಿಸಿದ ಬಾಗಿದ ನಳಿಕೆಯ ತತ್ತ್ವವೇ ಮುಳ್ಳಿನ ಗೇಜ್‌ಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿದೆ. ಒಳಗಿನ ಒತ್ತಡ ಏರಿದಂತೆ ಬಾಗಿದ ನಳಿಕೆ ನೆಟ್ಟಗಾಗಲು ಹವಣಿಸುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ.

ಮುಳ್ಳು ತೋರಿಸುವುದು ಒತ್ತಡವನ್ನಾದರೂ ಮೆಕ್ಯಾನಿಕ್ ಓದುವುದು ಉಷ್ಣತೆಯನ್ನು. ಪ್ರೆಷರ್ ಕುಕ್ಕರಿನಲ್ಲಿ ಒತ್ತಡವೇರಿದಾಗ ನೀರು 100 ಡಿಗ್ರಿಯನ್ನೂ ಮೀರಿ ಕುದಿಯುವುದು ಅಡುಗೆಮನೆಯ ಅನುಭವ. ಅಂತೆಯೇ ಪ್ರತಿಯೊಂದು ಶೀತಕಕ್ಕೂ ಒಂದೊಂದು ಒತ್ತಡದಲ್ಲಿ ಒಂದೊಂದು ಕುದಿಬಿಂದುವಿದೆ. ಬಹುಕಾಲ ಬಳಕೆಯಲ್ಲಿದ್ದ ಆರ್-22 ಶೀತಕವು ಗೇಜ್‌ನಲ್ಲಿ ಸುಮಾರು 58 ಪಿಎಸ್‌ಐ ಇದ್ದಾಗ 0 ಡಿಗ್ರಿಯಲ್ಲಿ ಕುದಿಯುತ್ತದೆ. ಆರ್-134ಎ ಅದೇ 0 ಡಿಗ್ರಿಯಲ್ಲಿ ಕುದಿಯಲು ಸುಮಾರು 28 ಪಿಎಸ್‌ಐ ಸಾಕು. ಆರ್-410ಎಗೆ 100ಕ್ಕೂ ತುಸು ಹೆಚ್ಚು ಬೇಕು. ಆದ್ದರಿಂದ ಯಂತ್ರದೊಳಗೆ ಯಾವ ಶೀತಕವಿದೆ ಎಂದು ತಿಳಿಯದೆ ಮುಳ್ಳನ್ನು ಓದುವುದು, ಯಾವ ಊರಿನ ಸೇರು ಎಂದು ಕೇಳದೆ ಅಳತೆ ಒಪ್ಪಿಕೊಂಡಂತೆ.

ಈ ಹೊಂದಾಣಿಕೆಗೂ ಒಂದು ಕಟ್ಟಳೆಯಿದೆ. ದ್ರವವೂ ಆವಿಯೂ ಒಟ್ಟಿಗಿರುವಲ್ಲಿ ಮಾತ್ರ ಒತ್ತಡದಿಂದ ಉಷ್ಣತೆಯನ್ನು ಹೇಳಬಹುದು. ಸುರುಳಿಯ ಕೊನೆಯಲ್ಲಿ ದ್ರವವೆಲ್ಲ ಮುಗಿದ ಮೇಲೆ ಬರಿಯ ಆವಿ ಇನ್ನಷ್ಟು ಬಿಸಿಯಾಗುತ್ತದೆ. ಕುದಿಬಿಂದುವಿಗಿಂತ ಹೀಗೆ ಹೆಚ್ಚಾದ ಡಿಗ್ರಿಗಳಿಗೆ ಸೂಪರ್‌ಹೀಟ್ ಎಂದು ಹೆಸರು. ಕಂಡೆನ್ಸರಿನ ಕೊನೆಯಲ್ಲಿ ಆವಿಯೆಲ್ಲ ದ್ರವವಾದ ಮೇಲೆ ಆ ದ್ರವ ಇನ್ನಷ್ಟು ತಣ್ಣಗಾಗುತ್ತದೆ. ಹೀಗೆ ಕಡಿಮೆಯಾದ ಡಿಗ್ರಿಗಳು ಸಬ್‌ಕೂಲಿಂಗ್. ಸುರುಳಿಗೆ ಸಾಕಷ್ಟು ದ್ರವ ತಲುಪುತ್ತಿದೆಯೇ ಎಂಬುದನ್ನು ಸೂಪರ್‌ಹೀಟ್ ಹೇಳಿದರೆ, ಕಂಡೆನ್ಸರಿನಲ್ಲಿ ದ್ರವ ಎಷ್ಟು ಶೇಖರವಾಗಿದೆ ಎಂಬುದನ್ನು ಸಬ್‌ಕೂಲಿಂಗ್ ಹೇಳುತ್ತದೆ. ಎರಡು ಒತ್ತಡ ಮತ್ತು ಈ ಎರಡು ಅಂತರ, ಒಟ್ಟು ನಾಲ್ಕು ಸಾಕ್ಷಿಗಳು ಕೂಡಿದಾಗ ನಿದಾನಕ್ಕೆ ಆಧಾರ ಸಿಗುತ್ತದೆ.

‘ಸರಿಯಾದ ಒತ್ತಡ’ ಎಂಬ ಒಂದೇ ಅಂಕಿ ಇಲ್ಲದಿರುವುದಕ್ಕೆ ಈ ಮೂರು ತಾಲ್ಲೂಕುಗಳ ಭೂಗುಣವೇ ನಿದರ್ಶನ. ಗಾಳಿಯಿಂದ ತಣಿಯುವ ಕಂಡೆನ್ಸರಿನಲ್ಲಿ ಶೀತಕವು ಸಾಮಾನ್ಯವಾಗಿ ಸುತ್ತಲ ಹವೆಗಿಂತ 10ರಿಂದ 15 ಡಿಗ್ರಿ ಮೇಲೆ ದ್ರವವಾಗುತ್ತದೆ. ಬೇಸಗೆಯ ಮಧ್ಯಾಹ್ನ ಹನೂರಿನ ಬಯಲಿನಲ್ಲಿ ಹವೆ 35 ಡಿಗ್ರಿ ಇದ್ದರೆ ಆರ್-22 ಯಂತ್ರದ ಕೆಂಪು ಮುಳ್ಳು 235ರಿಂದ 265 ಪಿಎಸ್‌ಐ ನಡುವೆ ನಿಲ್ಲುವುದು ಸಹಜ. ಸುಮಾರು 1500 ಮೀಟರ್ ಎತ್ತರದ ಬಿಳಿಗಿರಿರಂಗನ ಬೆಟ್ಟದಲ್ಲಿ 20 ಡಿಗ್ರಿಯ ತಂಪು ಮುಂಜಾನೆ ಅದೇ ಯಂತ್ರ 180ರ ಆಸುಪಾಸು ತೋರಿಸಬೇಕು. ಬಯಲಿನಲ್ಲಿ ಆರೋಗ್ಯವೆನಿಸಿದ 250 ಬೆಟ್ಟದ ಮುಂಜಾನೆಯಲ್ಲಿ ರೋಗಲಕ್ಷಣ. ಎತ್ತರ ಹೆಚ್ಚಿದಂತೆ ಹೊರಗಿನ ವಾಯುಭಾರ ಇಳಿಯುವುದರಿಂದ, ಸಮುದ್ರಮಟ್ಟಕ್ಕೆ ಬರೆದ ಪಟ್ಟಿಗಿಂತ ಬೆಟ್ಟದ ಮೇಲಿನ ಗೇಜ್ ಎರಡು ಪಿಎಸ್‌ಐಗೂ ತುಸು ಹೆಚ್ಚು ತೋರಿಸುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹೊತ್ತಿನ ಪ್ರಶ್ನೆಯೂ ಹೀಗೆಯೇ. ಬೆಳಗ್ಗೆ ಮತ್ತು ಸಂಜೆ ಬಿಸಿ ಹಾಲು ತೊಟ್ಟಿಗೆ ಬಿದ್ದಾಗ ಶಾಖ ಹೆಚ್ಚಾಗಿ ನೀಲಿ ಮುಳ್ಳು ಮೇಲಿರುತ್ತದೆ. ಹಾಲು 4 ಡಿಗ್ರಿಗೆ ಬರುತ್ತಿದ್ದಂತೆ ಅದು ಇಳಿಯುತ್ತದೆ. ನಡುಹಗಲಿನಲ್ಲಿ ಬಂದು ತಂಪಾದ ಹಾಲಿನ ಮೇಲೆ ಓದಿದ ಒತ್ತಡವನ್ನು ಬೆಳಗಿನ ಒತ್ತಡಕ್ಕೆ ಹೋಲಿಸಿದರೆ ಇಲ್ಲದ ಕಾಯಿಲೆ ಕಾಣಿಸುತ್ತದೆ.

4. ನೀಲಿ ಮುಳ್ಳು ಇಳಿದಾಗ

ತಂಪು ಸಾಲದು ಎಂದಾಗ ಗಿರಾಕಿಯ ಬಾಯಲ್ಲೂ ಮೆಕ್ಯಾನಿಕ್‌ನ ಬಾಯಲ್ಲೂ ಮೊದಲು ಬರುವ ಮಾತು ‘ಗ್ಯಾಸ್ ಕಮ್ಮಿಯಾಗಿದೆ’ ಎಂಬುದು. ನೀಲಿ ಮುಳ್ಳು ಕೆಳಗಿರುವುದನ್ನು ಕಂಡೊಡನೆ ಗ್ಯಾಸ್ ತುಂಬಿಸುವುದು ಈ ಕಸುಬಿನ ಅತಿ ವ್ಯಾಪಕವಾದ ದುಡುಕು. ಸಕ್ಷನ್ ಒತ್ತಡ ಇಳಿಯಲು ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಗ್ಯಾಸ್ ಮದ್ದು.

ಮೊದಲನೆಯದು ಶೀತಕ ನಿಜವಾಗಿಯೂ ಸೋರಿಹೋಗಿರುವುದು. ಆಗ ಎರಡೂ ಮುಳ್ಳುಗಳು ಇಳಿದಿರುತ್ತವೆ. ಸುರುಳಿಗೆ ದ್ರವ ಸಾಲದೆ ಸೂಪರ್‌ಹೀಟ್ ಏರುತ್ತದೆ, ಕಂಡೆನ್ಸರಿನಲ್ಲಿ ದ್ರವ ನಿಲ್ಲದೆ ಸಬ್‌ಕೂಲಿಂಗ್ ಇಳಿಯುತ್ತದೆ. ಸುರುಳಿಯ ಆರಂಭದ ಒಂದೆರಡು ಮಡಿಕೆಗಳಲ್ಲಿ ಮಾತ್ರ ಮಂಜು ಕಟ್ಟಿ ಉಳಿದ ಭಾಗ ಒಣಗಿರುತ್ತದೆ. ನೋಟದ ಗಾಜು ಇದ್ದರೆ ಅದರಲ್ಲಿ ಗುಳ್ಳೆಗಳು ಓಡುತ್ತವೆ. ಶೀತಕದೊಂದಿಗೆ ಕಂಪ್ರೆಸರ್ ಎಣ್ಣೆಯೂ ಸಾಗುವುದರಿಂದ ಸೋರುವ ಬೆಸುಗೆಯ ಬಳಿ ಎಣ್ಣೆಯ ಕಲೆಯಾಗಿ ಅದಕ್ಕೆ ದೂಳು ಮೆತ್ತಿರುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಯಂತ್ರ ಮುಚ್ಚಿದ ವ್ಯವಸ್ಥೆಯಾಗಿರುವುದರಿಂದ ಶೀತಕ ಸವೆದು ಕಡಿಮೆಯಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿರಬೇಕು. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಎರಡನೆಯದು ದಾರಿಯಲ್ಲಿನ ಅಡ್ಡಿ. ಕಸುಬಿನಲ್ಲಿ ಇದನ್ನು ಚೋಕ್ ಎನ್ನುತ್ತಾರೆ. ಡ್ರೈಯರ್, ಕ್ಯಾಪಿಲರಿ ಅಥವಾ ವಾಲ್ವ್ ಕಟ್ಟಿಕೊಂಡಾಗಲೂ ಸುರುಳಿಗೆ ದ್ರವ ತಲುಪದೆ ನೀಲಿ ಮುಳ್ಳು ಇಳಿಯುತ್ತದೆ, ಸೂಪರ್‌ಹೀಟ್ ಏರುತ್ತದೆ. ಇಷ್ಟನ್ನು ಮಾತ್ರ ನೋಡಿದರೆ ಸೋರಿಕೆಗೂ ಇದಕ್ಕೂ ವ್ಯತ್ಯಾಸ ಕಾಣದು. ಎರಡನ್ನೂ ಬೇರೆ ಮಾಡುವ ಸಾಕ್ಷಿ ಸಬ್‌ಕೂಲಿಂಗ್: ಅಡ್ಡಿಯಿರುವಾಗ ದ್ರವ ಹಿಂದೆ ಕಂಡೆನ್ಸರಿನಲ್ಲೇ ನಿಲ್ಲುವುದರಿಂದ ಅದು ಇಳಿಯುವುದಿಲ್ಲ, ಬಹುಪಾಲು ಏರುತ್ತದೆ. ಡ್ರೈಯರಿನ ಎರಡು ತುದಿಗಳನ್ನು ಮುಟ್ಟಿದರೆ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ ಇದ್ದರೆ ಅಡ್ಡಿ ಅಲ್ಲಿಯೇ. ಇಲ್ಲಿ ಗ್ಯಾಸ್ ತುಂಬಿಸಿದರೆ ಅದು ಕಂಡೆನ್ಸರಿನಲ್ಲಿ ಶೇಖರವಾಗಿ ಕೆಂಪು ಮುಳ್ಳು ಏರುತ್ತದೆಯೇ ಹೊರತು ಹಾಲು ತಣ್ಣಗಾಗುವುದಿಲ್ಲ. ತೇವಾಂಶದಿಂದಾದ ಅಡ್ಡಿ ಇನ್ನೂ ಮೋಸದ್ದು. ವಾಲ್ವಿನ ಬಾಯಲ್ಲಿ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಯಂತ್ರ ನಿಲ್ಲಿಸಿ ಬಿಸಿಯಾದೊಡನೆ ಕರಗಿ ದಾರಿ ಬಿಡುತ್ತದೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಯಂತ್ರ ಚೆನ್ನಾಗಿಯೇ ಓಡುತ್ತಿರುತ್ತದೆ.

ಮೂರನೆಯದು ಸುರುಳಿಗೆ ಶಾಖವೇ ಸಿಗದಿರುವುದು. ಎ.ಸಿ.ಯ ಜಾಲರಿ ದೂಳಿನಿಂದ ಮುಚ್ಚಿದಾಗ, ಫ್ಯಾನ್ ನಿಂತಾಗ ಅಥವಾ ತಂಪುತೊಟ್ಟಿಯಲ್ಲಿ ಹಾಲು ಕಲಕುವ ರೆಕ್ಕೆ ತಿರುಗದಿದ್ದಾಗ ದ್ರವ ಕುದಿಯಲು ಬೇಕಾದ ಶಾಖ ದೊರೆಯದೆ ಒತ್ತಡ ಇಳಿಯುತ್ತದೆ. ಆದರೆ ಇಲ್ಲಿ ಸೂಪರ್‌ಹೀಟ್ ಏರುವ ಬದಲು ಇಳಿಯುತ್ತದೆ, ಮಂಜು ಸುರುಳಿಯನ್ನು ದಾಟಿ ಕಂಪ್ರೆಸರಿನ ಕಡೆಗೆ ತೆವಳುತ್ತದೆ. ಈ ಸ್ಥಿತಿಯಲ್ಲಿ ಗ್ಯಾಸ್ ಸೇರಿಸಿದರೆ ಆವಿಯಾಗದ ದ್ರವವೇ ಕಂಪ್ರೆಸರಿಗೆ ನುಗ್ಗಿ ಅದರ ವಾಲ್ವುಗಳನ್ನು ಮುರಿಯಬಹುದು. ಜಾಲರಿ ತೊಳೆದರೆ ಮುಗಿಯುತ್ತಿದ್ದ ಕೆಲಸ ಕಂಪ್ರೆಸರ್ ಬದಲಿಸುವಲ್ಲಿಗೆ ಮುಟ್ಟುತ್ತದೆ.

5. ಕೆಂಪು ಮುಳ್ಳು ಏರಿದಾಗ

ಡಿಸ್ಚಾರ್ಜ್ ಒತ್ತಡ ಹವೆಗೆ ತಕ್ಕುದಕ್ಕಿಂತ ಏರಿದ್ದರೆ ಶಾಖ ಹೊರಹೋಗುತ್ತಿಲ್ಲವೆಂದು ಅರ್ಥ. ಕಂಡೆನ್ಸರಿಗೆ ದೂಳು ಮೆತ್ತಿರುವುದು, ಅದರ ಫ್ಯಾನ್ ನಿಧಾನವಾಗಿರುವುದು, ಇಕ್ಕಟ್ಟಾದ ಗೂಡಿನಲ್ಲಿ ತನ್ನ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಎಳೆದುಕೊಳ್ಳುವುದು ಇವು ಕಣ್ಣಿಗೆ ಕಾಣುವ ಕಾರಣಗಳು. ಇವುಗಳನ್ನು ಮೊದಲು ನಿವಾರಿಸಿಕೊಂಡೇ ಒಳಗಿನ ಕಾರಣಗಳನ್ನು ಶಂಕಿಸಬೇಕು ಎಂಬುದು ನಿದಾನದ ನಿಯಮ.

ಒಳಗಿನ ಕಾರಣಗಳು ಮುಖ್ಯವಾಗಿ ಎರಡು: ಶೀತಕ ಹೆಚ್ಚಾಗಿರುವುದು ಮತ್ತು ಗಾಳಿ ಸೇರಿರುವುದು. ಎರಡರಲ್ಲೂ ಒತ್ತಡ ಏರುತ್ತದೆ, ಸಬ್‌ಕೂಲಿಂಗ್ ಕೂಡ ಏರಿದಂತೆ ಕಾಣುತ್ತದೆ. ಇವನ್ನು ಬೇರ್ಪಡಿಸಲು ಸರಳವಾದ ಪರೀಕ್ಷೆಯೊಂದಿದೆ. ಯಂತ್ರವನ್ನು ನಿಲ್ಲಿಸಿ, ಕಂಡೆನ್ಸರ್ ಪೂರ್ತಿಯಾಗಿ ಸುತ್ತಲ ಹವೆಗೆ ಬರುವವರೆಗೆ ಕಾದು ಅದರ ಒತ್ತಡ ಓದಬೇಕು. ಹವೆ 30 ಡಿಗ್ರಿ ಇದ್ದರೆ ನಿಂತ ಆರ್-22 ಯಂತ್ರ ಸುಮಾರು 158 ಪಿಎಸ್‌ಐ ತೋರಿಸಬೇಕು. ಶೀತಕ ಎಷ್ಟೇ ಹೆಚ್ಚಾಗಿದ್ದರೂ, ದ್ರವ ಮತ್ತು ಆವಿ ಎರಡೂ ಇರುವವರೆಗೆ ಈ ಅಂಕಿ ಬದಲಾಗದು. ಇದನ್ನು ಮೀರಿ ತೋರಿಸಿದರೆ ಹೆಚ್ಚಿನ ಒತ್ತಡ ಗಾಳಿಯದು. ಕೊಳವೆಗಳನ್ನು ವ್ಯಾಕ್ಯೂಮ್ ಪಂಪಿನಿಂದ ಬರಿದು ಮಾಡದೆ ಅವಸರದಲ್ಲಿ ಗ್ಯಾಸ್ ತುಂಬಿಸಿದ ಯಂತ್ರಗಳಲ್ಲಿ ಈ ದೋಷ ಮರಳಿ ಮರಳಿ ಕಾಣಿಸುತ್ತದೆ.

ನೀಲಿ ಮುಳ್ಳು ಏರಿ ಕೆಂಪು ಮುಳ್ಳು ಇಳಿದು, ಎರಡೂ ಒಂದನ್ನೊಂದು ಸಮೀಪಿಸಿದರೆ ಏತವೇ ಸೋತಿದೆ. ಕಂಪ್ರೆಸರಿನ ವಾಲ್ವುಗಳು ಸವೆದು ಒತ್ತಿದ ಆವಿ ಹಿಂದಕ್ಕೆ ಜಾರುತ್ತಿದೆ. ಯಂತ್ರ ಓಡುತ್ತದೆ, ಸದ್ದು ಮಾಡುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಇನ್ನು ವಿದ್ಯುತ್ ಕ್ಷಣ ಹೋಗಿ ಬಂದಾಗ ಕಂಪ್ರೆಸರ್ ಗುಂಯ್‌ಗುಟ್ಟಿ ಹೊರಡದಿರುವುದನ್ನೂ ಕೆಟ್ಟಿತೆಂದು ಬಗೆಯುವುದುಂಟು. ಕ್ಯಾಪಿಲರಿ ಇರುವ ಯಂತ್ರ ನಿಂತ ಮೇಲೆ ಎರಡು ಬದಿಯ ಒತ್ತಡ ಸಮವಾಗಲು ಕೆಲವು ನಿಮಿಷ ಬೇಕು. ಅದಕ್ಕೆ ಮೊದಲೇ ಚಾಲೂ ಮಾಡಿದರೆ ಮೋಟಾರು ಒತ್ತಡದ ಎದುರು ಎದ್ದೇಳಲಾರದು. ಇಲ್ಲಿ ಬೇಕಾದ ಮದ್ದು ತಾಳ್ಮೆ ಮಾತ್ರ.

6. ಹೀಟ್ ಪಂಪಿನ ವಿಶೇಷ

ಇಷ್ಟು ಲಕ್ಷಣಗಳು ಹೀಟ್ ಪಂಪಿಗೂ ಅನ್ವಯಿಸುತ್ತವೆ. ಆದರೆ ತಂಪು ಮತ್ತು ಬಿಸಿ ಎರಡನ್ನೂ ಕೊಡುವ ಯಂತ್ರದಲ್ಲಿ ದಿಕ್ಕು ಬದಲಿಸುವ ವಾಲ್ವೊಂದಿದ್ದು, ಅದು ತಿರುಗಿದಾಗ ಸುರುಳಿಗಳ ಪಾತ್ರ ಅದಲುಬದಲಾಗುತ್ತದೆ. ಬೇಸಗೆಯಲ್ಲಿ ಕಂಡೆನ್ಸರಾಗಿದ್ದ ಹೊರಗಿನ ಸುರುಳಿ ಚಳಿಯಲ್ಲಿ ಶಾಖ ಹೀರುವ ಸುರುಳಿಯಾಗುತ್ತದೆ. ಆದ್ದರಿಂದ ಯಾವ ಕೊಳವೆಯಲ್ಲಿ ಯಾವ ಒತ್ತಡ ಇರಬೇಕೆಂಬುದು ಯಂತ್ರ ಈಗ ಯಾವ ಕೆಲಸದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಈ ವಾಲ್ವ್ ಒಳಗೇ ಸೋರಿದರೆ ಬಿಸಿ ಆವಿ ನೇರವಾಗಿ ಸಕ್ಷನ್ ಬದಿಗೆ ನುಸುಳಿ, ಮುಳ್ಳುಗಳು ಸವೆದ ಕಂಪ್ರೆಸರಿನ ಲಕ್ಷಣವನ್ನೇ ತೋರಿಸುತ್ತವೆ. ವಾಲ್ವಿಗೆ ಬರುವ ಸಕ್ಷನ್ ಕೊಳವೆ ಮತ್ತು ಅದರಿಂದ ಕಂಪ್ರೆಸರಿಗೆ ಹೋಗುವ ಕೊಳವೆಗಳ ಉಷ್ಣತೆಯನ್ನು ಅಳೆದು, ನಡುವೆ ಎದ್ದುಕಾಣುವ ಏರಿಕೆಯಿದ್ದರೆ ತಪ್ಪು ವಾಲ್ವಿನದು ಎಂದು ತಿಳಿಯಬೇಕು. ಈ ಒಂದು ಪರೀಕ್ಷೆ ಮಾಡದೆ ಒಳ್ಳೆಯ ಕಂಪ್ರೆಸರನ್ನು ಎಸೆದದ್ದು ಎಲ್ಲೆಡೆಯ ಮೆಕ್ಯಾನಿಕ್‌ಗಳಿಗೆ ಪರಿಚಿತವಾದ ನಷ್ಟ.

ಈ ಸೀಮೆಯ ಬಯಲುಭಾಗದಲ್ಲಿ ಕೋಣೆ ಬಿಸಿ ಮಾಡುವ ಅಗತ್ಯ ಕಡಿಮೆ. ಹೀಟ್ ಪಂಪಿಗೆ ಇಲ್ಲಿ ಹೆಚ್ಚು ಹೊಂದುವ ಕೆಲಸ ನೀರು ಕಾಯಿಸುವುದು. ಗಡಸು ನೀರಿನ ಕೊಳವೆಬಾವಿ ಇರುವಲ್ಲಿ ಕಂಡೆನ್ಸರಿನ ನೀರಿನ ಬದಿಗೆ ಸುಣ್ಣದ ಪದರ ಕಟ್ಟಿ ಶಾಖ ದಾಟದಂತಾಗುತ್ತದೆ. ಕೆಂಪು ಮುಳ್ಳು ತಿಂಗಳಿನಿಂದ ತಿಂಗಳಿಗೆ ಮೆಲ್ಲನೆ ಏರುತ್ತದೆ. ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಹೆಕ್ಕಳೆಯನ್ನು ಬಲ್ಲ ಮನೆಯವರಿಗೆ ಈ ದೋಷವನ್ನು ತಿಳಿಹೇಳುವುದು ಕಷ್ಟವಲ್ಲ.

7. ಕೈ, ಕಿವಿ ಮತ್ತು ಕಥೆ

ಮೇಲಿನ ನಿದಾನಕ್ರಮ ಪಠ್ಯಪುಸ್ತಕಗಳಲ್ಲಿಯೂ ಉಂಟು. ಆದರೆ ಸಣ್ಣ ಊರಿನ ಅಂಗಡಿಯಲ್ಲಿ ಅದು ಸಾಗಿಬರುವ ಬಗೆ ಬೇರೆ. ಕಲಿಯಲು ಬಂದ ಹುಡುಗ ಮೊದಲು ಮೇಸ್ತ್ರಿಯ ಚೀಲ ಹೊರುತ್ತಾನೆ, ಕೊಳವೆ ಹಿಡಿಯುತ್ತಾನೆ, ಮುಟ್ಟಿ ನೋಡು ಎಂದಾಗ ಮುಟ್ಟುತ್ತಾನೆ. ಸಕ್ಷನ್ ಕೊಳವೆ ಬೆವರಬೇಕು, ಹಿಮಗಟ್ಟಬಾರದು; ಡಿಸ್ಚಾರ್ಜ್ ಕೊಳವೆ ಕೈ ನಿಲ್ಲದಷ್ಟು ಬಿಸಿಯಿರಬೇಕು; ವಾಲ್ವಿನಲ್ಲಿ ದ್ರವ ಹಾಯುವಾಗ ಸಣ್ಣನೆಯ ಸುಯ್ಲು ಕೇಳಬೇಕು. ಇಂಥ ತಿಳಿವು ಅಂಕಿಯಾಗಿ ಅಲ್ಲ, ಮೈಯ ನೆನಪಾಗಿ ಉಳಿಯುತ್ತದೆ. ಹೇಳಬಲ್ಲುದಕ್ಕಿಂತ ಹೆಚ್ಚನ್ನು ಮನುಷ್ಯ ಅರಿತಿರುತ್ತಾನೆ ಎಂಬ ಮೈಕೇಲ್ ಪೊಲಾನ್ಯಿ ಅವರ 1966ರ ವಿಚಾರಕ್ಕೆ ಇದು ತಕ್ಕ ನಿದರ್ಶನ. ನಾಡಿ ಹಿಡಿಯುವ ನಾಟಿವೈದ್ಯನಿಗೂ ಕೊಳವೆ ಮುಟ್ಟುವ ಮೆಕ್ಯಾನಿಕ್‌ಗೂ ಇರುವ ಹೋಲಿಕೆ ಕೇವಲ ಅಲಂಕಾರವಲ್ಲ. ಇಬ್ಬರೂ ಕಾಣದ ಹರಿವನ್ನು ಹೊರಗಿನ ಸ್ಪರ್ಶದಿಂದ ಊಹಿಸುವವರು; ಇಬ್ಬರೂ ‘ಯಾವಾಗಿನಿಂದ, ಯಾವ ಹೊತ್ತಿನಲ್ಲಿ’ ಎಂದು ಕೇಳಿಯೇ ಮುಂದುವರಿಯುವವರು.

ಕಥೆಯ ಪಾತ್ರವೂ ಇಲ್ಲಿ ದೊಡ್ಡದು. ಅಮೆರಿಕದಲ್ಲಿ ನಕಲುಯಂತ್ರಗಳನ್ನು ದುರಸ್ತಿ ಮಾಡುವವರ ನಡುವೆ ಕ್ಷೇತ್ರಕಾರ್ಯ ಮಾಡಿದ ಜೂಲಿಯನ್ ಓರ್, 1996ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಕಂಪನಿಯ ಕೈಪಿಡಿಗಿಂತಲೂ ಕೆಲಸಗಾರರು ಪರಸ್ಪರ ಹೇಳಿಕೊಳ್ಳುವ ಕಥೆಗಳೇ ಕಷ್ಟದ ದೋಷಗಳ ನಿದಾನಕ್ಕೆ ನೆರವಾಗುತ್ತವೆ ಎಂದು ತೋರಿಸಿದರು. ಬಂದಾಗ ಸರಿಯಿದ್ದು ಹೋದಮೇಲೆ ಕೆಡುವ ಯಂತ್ರ, ಎಷ್ಟು ಗ್ಯಾಸ್ ತುಂಬಿಸಿದರೂ ತಣಿಯದ ಯಂತ್ರ ಇಂಥ ಆಶಯಗಳು ಚಹಾದಂಗಡಿಯ ಮಾತಿನಲ್ಲಿ ಕಥೆಯಾಗಿ ತಿರುಗುತ್ತವೆ. ವಾಲ್ವಿನಲ್ಲಿ ಹೆಪ್ಪುಗಟ್ಟಿ ಕರಗುವ ನೀರಿನ ಪಾಠ, ಮುಚ್ಚಿಹೋದ ಡ್ರೈಯರಿನ ಪಾಠ ಆ ಕಥೆಗಳೊಳಗೆ ಅಡಗಿರುತ್ತವೆ. ಬರೆದಿಡದ ನಿದಾನಗ್ರಂಥವೆಂದರೆ ಇವೇ.

ಕಸುಬಿನ ಅರಿವು ಯಾರ ಸ್ವತ್ತು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಮಂಟೇಸ್ವಾಮಿ ಕಾವ್ಯದಲ್ಲಿ ಕಮ್ಮಾರರ ಮನೆಯ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಲೋಹ ಬಲ್ಲವರಿಗೂ ಅದನ್ನು ಬೇಡಿಬಂದವನಿಗೂ ನಡುವಿನ ಆ ಸಂಘರ್ಷವನ್ನು ನೀಲಗಾರರು ಇಂದಿಗೂ ಹಾಡುತ್ತಾರೆ. ಅರಿವನ್ನು ಬಚ್ಚಿಡುವ ಮತ್ತು ಅದನ್ನು ಹಂಚುವ ಎರಡು ಒಲವುಗಳು ಇಂದಿನ ದುರಸ್ತಿ ಅಂಗಡಿಯಲ್ಲೂ ಇವೆ. ಗಿರಾಕಿಗೆ ‘ಗ್ಯಾಸ್ ಕಮ್ಮಿ’ ಎಂಬ ಒಂದೇ ಮಾತು ಹೇಳಿ ಉಳಿದುದನ್ನು ಮರೆಮಾಡುವುದು ಮೊದಲನೆಯ ಒಲವು. ಶಿಷ್ಯನಿಗೆ ನಾಲ್ಕೂ ಸಾಕ್ಷಿಗಳನ್ನು ಕೇಳಲು ಕಲಿಸುವುದು ಎರಡನೆಯದು.

8. ಶೀತಕ ಬದಲಾದಾಗ

ಮೌಖಿಕ ಜ್ಞಾನಕ್ಕೆ ದೊಡ್ಡ ಸವಾಲು ಬಂದಿರುವುದು ಶೀತಕಗಳ ಬದಲಾವಣೆಯಿಂದ. ಓಜೋನ್ ಪದರವನ್ನು ಕಾಯುವ 1987ರ ಮಾಂಟ್ರಿಯಲ್ ಒಡಂಬಡಿಕೆಯಂತೆ ಹಳೆಯ ಆರ್-12 ಮರೆಯಾಯಿತು. ಆರ್-22 ಅನ್ನು ಹಂತಹಂತವಾಗಿ ಕೈಬಿಡಲಾಗುತ್ತಿದ್ದು, ಅಭಿವೃದ್ಧಿಶೀಲ ದೇಶಗಳಿಗೆ 2030 ಮುಖ್ಯ ಗಡುವಾಗಿದೆ. ಗಾಳಿಗೆ ಬಿಟ್ಟ ಒಂದು ಕಿಲೋ ಆರ್-22 ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಸುಮಾರು 1800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. 2016ರ ಕಿಗಾಲಿ ತಿದ್ದುಪಡಿ ಆರ್-134ಎ, ಆರ್-410ಎ ಮುಂತಾದವುಗಳನ್ನೂ ತಗ್ಗಿಸುವ ದಾರಿ ಹಾಕಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು.

ಇವುಗಳ ಜಾಗಕ್ಕೆ ಬಂದ ಆರ್-600ಎ, ಆರ್-290 ಬೆಂಕಿ ಹೊತ್ತುವ ಅನಿಲಗಳು; ಆರ್-32 ಕೂಡ ಸ್ವಲ್ಪಮಟ್ಟಿಗೆ ಹೊತ್ತುತ್ತದೆ. ಇಲ್ಲಿ ಹಳೆಯ ಸೂತ್ರಗಳು ಮೋಸ ಮಾಡುತ್ತವೆ. ಆರ್-600ಎ ಇರುವ ಮನೆಬಳಕೆಯ ಫ್ರಿಜ್‌ನಲ್ಲಿ ಸುರುಳಿ ಮೈನಸ್ 20 ಡಿಗ್ರಿಯ ಸುಮಾರಿಗೆ ಓಡುವಾಗ ಸಕ್ಷನ್ ಒತ್ತಡ ಹೊರಗಿನ ವಾಯುಭಾರಕ್ಕಿಂತ ಕಡಿಮೆ. ನೀಲಿ ಮುಳ್ಳು ಸೊನ್ನೆಯ ಕೆಳಗೆ ಇಳಿಯುವುದೇ ಅದರ ಆರೋಗ್ಯ. ಮುಳ್ಳು ಸೊನ್ನೆ ದಾಟಿದರೆ ಗ್ಯಾಸ್ ಹೋಗಿದೆ ಅಥವಾ ಚೋಕ್ ಆಗಿದೆ ಎಂದು ಕಲಿತ ಕಣ್ಣು ಇಲ್ಲಿ ತಪ್ಪುತ್ತದೆ. ಈ ಬದಿಯಲ್ಲಿ ತೂತಾದರೆ ಯಂತ್ರ ಓಡುವಾಗ ಅನಿಲ ಹೊರಬರುವ ಬದಲು ಗಾಳಿ ಒಳಸೇರುತ್ತದೆ. ಇಡೀ ಯಂತ್ರದ ಶೀತಕ ಕೆಲವು ಹತ್ತು ಗ್ರಾಂ ಮಾತ್ರವಾದ್ದರಿಂದ ಗೇಜ್ ಜೋಡಿಸುವಾಗ ಕೊಳವೆಯಲ್ಲಿ ಉಳಿಯುವ ಅನಿಲವೇ ಹೊಸ ದೋಷ ಹುಟ್ಟಿಸಬಲ್ಲದು; ಆದ್ದರಿಂದ ಒತ್ತಡ ನೋಡಿ ತುಂಬಿಸುವ ಬದಲು ತೂಕ ಮಾಡಿಯೇ ತುಂಬಿಸಬೇಕು. ಅನಿಲವಿರುವ ಕೊಳವೆಗೆ ಬೆಸುಗೆಯ ಜ್ವಾಲೆ ತಾಗಿಸುವ ಹಳೆಯ ರೂಢಿ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಸೋರಿಕೆ ಪರೀಕ್ಷೆಗೆ ಯಾವ ಯಂತ್ರದಲ್ಲೂ ಸಾರಜನಕವನ್ನೇ ಬಳಸಬೇಕು. ಆಮ್ಲಜನಕ ಒತ್ತಿದರೆ ಎಣ್ಣೆಯೊಂದಿಗೆ ಸೇರಿ ಸಿಡಿಯುತ್ತದೆ. ಆರ್-22ಕ್ಕಾಗಿ ರೂಪಿಸಿದ ಯಂತ್ರಕ್ಕೆ ಅಗ್ಗವೆಂದು ಹೊತ್ತುವ ಅನಿಲ ತುಂಬಿಸುವುದು ಮನೆಯೊಳಗೆ ಅಪಾಯವನ್ನು ಇಟ್ಟಂತೆ.

9. ಉಪಸಂಹಾರ

ಒತ್ತಡದ ದೋಷನಿದಾನವು ಯಂತ್ರಶಾಸ್ತ್ರದ ವಿಷಯವಾಗಿರುವಷ್ಟೇ ಜ್ಞಾನಪರಂಪರೆಯ ವಿಷಯವೂ ಆಗಿದೆ. ನೀಲಿ ಮುಳ್ಳು ಇಳಿದಿದೆ ಎಂಬ ಒಂದೇ ಸಂಗತಿ ಸೋರಿಕೆ, ಅಡ್ಡಿ, ಶಾಖದ ಕೊರತೆ ಎಂಬ ಮೂರು ಅರ್ಥಗಳನ್ನು ಹೊಂದಿರುವುದು, ಒಂದೇ ಪದ ಸಂದರ್ಭಕ್ಕೆ ತಕ್ಕಂತೆ ಅರ್ಥ ಬದಲಿಸುವುದನ್ನು ಬಲ್ಲ ಜಾನಪದ ವಿದ್ಯಾರ್ಥಿಗೆ ಅಪರಿಚಿತವೆನಿಸದು. ಮಂಜು, ಬೆವರು, ಸುಯ್ಲು, ಚೋಕ್ ಮುಂತಾದ ಪದಗಳೊಂದಿಗೆ ಕನ್ನಡದಲ್ಲಿ ಒಂದು ಕಸುಬಿನ ನುಡಿಗಟ್ಟು ರೂಪುಗೊಂಡಿದೆ. ಆರ್-22ರ ಕಾಲದಲ್ಲಿ ಕೈಪಳಗಿದ ಹಿರಿಯರು ಕಸುಬು ಬಿಡುವ ಮೊದಲು ಆ ಪದಗಳನ್ನು, ಕಥೆಗಳನ್ನು, ಮುಟ್ಟಿ ತಿಳಿಯುವ ಕ್ರಮಗಳನ್ನು ದಾಖಲಿಸಬೇಕಾಗಿದೆ. ಅವುಗಳಲ್ಲಿ ಹೊಸ ಶೀತಕಗಳಿಗೂ ಸಲ್ಲುವುದು ಯಾವುದು, ಅಪಾಯ ತರುವುದು ಯಾವುದು ಎಂದು ತಂತ್ರಜ್ಞರ ನೆರವಿನಿಂದ ಬೇರ್ಪಡಿಸಿ, ಕನ್ನಡದಲ್ಲಿಯೇ ಕಲಿಯುವ ಹುಡುಗರಿಗೆ ಹಿಂದಿರುಗಿಸುವುದು ಸಂಗ್ರಹದ ಮುಂದಿನ ಹಂತವಾಗಬೇಕು. ಹಾಡನ್ನು ಸಂಗ್ರಹಿಸದಿದ್ದರೆ ಹಾಡು ಮರೆಯಾಗುತ್ತದೆ. ಈ ಅರಿವನ್ನು ಸಂಗ್ರಹಿಸಿ ಶೋಧಿಸದಿದ್ದರೆ ಅದರಲ್ಲಿನ ಒಳಿತು ಮರೆಯಾಗಿ, ‘ಗ್ಯಾಸ್ ಕಮ್ಮಿ’ ಎಂಬ ಮಾತೊಂದೇ ಉಳಿಯುತ್ತದೆ. ಅದರ ಬೆಲೆಯನ್ನು ಹಾಲು ಹಾಕುವವರು, ಹುಳು ಸಾಕುವವರು ಮತ್ತು ಕೊಳವೆ ಬೆಸೆಯುವ ಹುಡುಗರು ತೆರಬೇಕಾಗುತ್ತದೆ.